ಗಿರಣಿ ಬೂಬಮ್ಮ ಕೂಡಿಸಿದ ಕಲ್ಲುಗಳು

ಮಟಮಟ ಮಧ್ಯಾಹ್ನ ಐನಾಪುರದವರು ಹಾಳು ಗಢಿಯ, ಆ ಪಾಳುಬಿದ್ದ ಸಣ್ಣ ಕೋಟೆಯ ಕಡೆ ಕಾಲಿಡುತ್ತಿರಲಿಲ್ಲ. ಹೋಗುತ್ತಿದ್ದವಳು ಒಬ್ಬಳೇ, ಹಿಟ್ಟಿನ ಗಿರಣಿಯ ರಶೀದಾಬೇಗಂ. ಊರವರ ಬಾಯಲ್ಲಿ ಅವಳು ಗಿರಣಿ ಬೂಬಮ್ಮ. ಒಂದು ಕೈಯಲ್ಲಿ ಉಳಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಜೋಳ ಕಟ್ಟಿದ ಚಿಂದಿ ಬಟ್ಟೆ ಹಿಡಿದು ಆ ಬಿದ್ದ ಗೋಡೆಗಳ ನಡುವೆ ನುಗ್ಗಿದಳೆಂದರೆ ಒಳಗಿನಿಂದ ಬೀಸುವ ಕಲ್ಲು ತಿರುಗುವ ಸದ್ದು ಕೇಳುತ್ತಿತ್ತು. ಅವಳು ಒಳಗಿದ್ದಾಗ ಸದ್ದು ಬಂದರೆ ಅದಕ್ಕೊಂದು ಅರ್ಥವಿದೆ, ಬಿಡಿ. ಊರು ಹೆದರಿದ್ದು ಅದಕ್ಕಲ್ಲ. ಅವಳು ಗಿರಣಿಯಲ್ಲಿ ಎಲ್ಲರ ಕಣ್ಣೆದುರು ನಿಂತು ಹಿಟ್ಟು ಜಾಡಿಸುತ್ತಿದ್ದಾಗಲೂ ಗಢಿಯಿಂದ ಅದೇ ಸದ್ದು ಬರುತ್ತಿತ್ತು.

ಇದು ಹೇಗೆ ಶುರುವಾಯಿತೆಂದು ತಿಳಿಯಬೇಕಾದರೆ ಅವಳ ಗಂಡ ಅಬ್ದುಲ್ ಸಲಾಂನಿಂದ ಆರಂಭಿಸಬೇಕು. ವಾಡಿ ಜಂಕ್ಷನ್ನಿನಲ್ಲಿ ಒಬ್ಬ ಫಿಟ್ಟರನ ಕೈಕೆಳಗೆ ಕೆಲಸ ಕಲಿತವನು ಅವನು. ಅರವತ್ತೊಂದನೆಯ ಇಸವಿಯಲ್ಲಿ ಶಹಾಬಾದಿನ ಒಂದು ಕಲ್ಲುಗಣಿಯವರು ಬೇಡವೆಂದು ಬಿಟ್ಟ ಡೀಸೆಲ್ ಎಂಜಿನ್ ತಂದು, ಚಿತ್ತಾಪುರದ ತವರಿನಿಂದ ಹೊಸ ಹೆಂಡತಿಯನ್ನೂ ಕರೆತಂದು, ಐನಾಪುರಕ್ಕೆ ಮೊದಲ ಗಿರಣಿ ಹಾಕಿದ. ಎಂಜಿನ್ ನೋಡಲು ಬಂದಷ್ಟು ಜನ ಹೆಂಡತಿಯನ್ನು ನೋಡಲು ಬರಲಿಲ್ಲ ಎಂದು ಅವಳು ಮುದುಕಿಯಾಗುವ ತನಕ ಆಡಿಕೊಳ್ಳುತ್ತಿದ್ದಳು.

ಜನ ನೋಡಲು ಬಂದರು, ಬೀಸಿಸಲು ಬರಲಿಲ್ಲ. ಮನೆಮನೆಯಲ್ಲೂ ಬೀಸುವ ಕಲ್ಲಿತ್ತು, ತಿರುಗಿಸಲು ಸೊಸೆಯರಿದ್ದರು, ಗಿರಣಿ ಯಾರಿಗೆ ಬೇಕು? ಅಬ್ದುಲ್ ಸಲಾಂ ತಲೆ ಓಡಿಸಿದ. ಬೀಸುವ ಕಲ್ಲನ್ನು ಮನೆಯಿಂದ ಹೊರಹಾಕಿದವರಿಗೆ ಒಂದು ತಿಂಗಳು ಬಿಟ್ಟಿಯಾಗಿ ಬೀಸಿಕೊಡುತ್ತೇನೆಂದು ಡಂಗುರ ಸಾರಿಸಿದ. ವರ್ಷಗಟ್ಟಲೆ ಕೋಳಿ ಕೂಗುವ ಮೊದಲೇ ಎದ್ದು ರಟ್ಟೆ ಸವೆಸಿದ ಹೆಂಗಸರು ಮಾರನೆಯ ದಿನವೇ ಕಲ್ಲು ಹೊರಗೆ ಉರುಳಿಸಿದರು.

ಆದರೆ ಬೀಸುವ ಕಲ್ಲು ಬೀದಿಗೆ ಬಿಸಾಡುವ ವಸ್ತುವಲ್ಲ. ಅದು ಹೆಣ್ಣಿನ ಜೊತೆಗೆ ತವರಿನಿಂದ ಬರುತ್ತದೆ. ಕೆಲಸವಿಲ್ಲದೆ ಜೋಡಿಯಾಗಿ ಬಿದ್ದಿದ್ದರೆ ತಾನೇ ತಿರುಗತೊಡಗುತ್ತದೆ, ಕಾಳಿಲ್ಲದೆ ತಿರುಗುವ ಕಲ್ಲು ಮನೆಮಂದಿಯ ಆಯುಷ್ಯವನ್ನೇ ಬೀಸುತ್ತದೆ ಎಂದು ಊರಿನ ನಂಬಿಕೆ. ಅದಕ್ಕೆ ಮುದುಕಿಯರು ಒಂದು ದಾರಿ ಹೇಳಿದರು. ಮೇಲಿನ ಕಲ್ಲುಗಳನ್ನೆಲ್ಲ ಹಾಳು ಗಢಿಯೊಳಗೆ ಹಾಕಿಸಿದರು, ಕೆಳಗಿನ ಕಲ್ಲುಗಳನ್ನೆಲ್ಲ ಹಳ್ಳದ ದಂಡೆಗೆ ಉರುಳಿಸಿದರು. ಜೋಡಿ ತಪ್ಪಿದ ಮೇಲೆ ಇನ್ನೇನು ತಿರುಗುತ್ತವೆ ಎಂದು ನೆಮ್ಮದಿಯಾಗಿ ಮನೆಗೆ ಹೋದರು. ಹೆದರಿಕೆಗೆ ಮದ್ದು ಹುಡುಕುವುದರಲ್ಲಿ ಐನಾಪುರದವರು ಭಾರಿ ಜಾಣರು. ನಾಳೆ ಗಿರಣಿ ನಿಂತರೆ ಗತಿಯೇನು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಗಿರಣಿಯವನೂ ಕೇಳಿಕೊಳ್ಳಲಿಲ್ಲ.

ಏಳು ವರ್ಷ ಗಿರಣಿ ಚೆನ್ನಾಗಿಯೇ ನಡೆಯಿತು, ನಡುವೆ ನೂರಜಹಾನ್ ಎಂಬ ಮಗಳೂ ಹುಟ್ಟಿದಳು. ಅರವತ್ತೆಂಟರ ಒಂದು ಬೆಳಿಗ್ಗೆ ಅಬ್ದುಲ್ ಸಲಾಂ ಎಂಜಿನ್ ಚಾಲೂ ಮಾಡಿ, ಜೋಳದ ಚೀಲದ ಮೇಲೆ ಕುಳಿತು, ಗೋಡೆಗೆ ಒರಗಿದ. ಮತ್ತೆ ಏಳಲಿಲ್ಲ. ರಶೀದಾಬೇಗಂ ಚಹಾ ತಂದು ಎರಡು ಸಲ ಕೂಗಿದಳು. ಎಂಜಿನ್ನಿನ ಸದ್ದಿಗೆ ಕೇಳಿಸಿಲ್ಲವೆಂದು ಭುಜ ಮುಟ್ಟಿದಳು. ಆಗ ಗೊತ್ತಾಯಿತು.

ಆಮೇಲೆ ನಡೆದದ್ದನ್ನು ಊರು ಇನ್ನೂ ಮರೆತಿಲ್ಲ. ಎಂಜಿನ್ ನಿಲ್ಲಿಸುವುದು ಯಾರಿಗೂ ಗೊತ್ತಿರಲಿಲ್ಲ. ಹೆಣದ ಪಕ್ಕದಲ್ಲಿ ಅದು ಓಡುತ್ತಲೇ ಇತ್ತು. ಗಿರಣಿಯ ಬಾಯಿಗೆ ಹಾಕಿದ ಕಾಳು ಮುಗಿಯಿತು, ಕಲ್ಲುಗಳು ಬರಿದಾಗಿ ತಿರುಗತೊಡಗಿದವು. ಅವನನ್ನು ಎತ್ತಿಕೊಂಡು ಹೊರಗೆ ತರುವಾಗಲೂ, ಅಂಗಳದಲ್ಲಿ ಪರದೆ ಕಟ್ಟಿ ಮೈ ತೊಳೆಯುವಾಗಲೂ ಆ ಬರಿಗಲ್ಲಿನ ಅರಚಾಟ ನಿಲ್ಲಲಿಲ್ಲ. ಕಿವಿ ಮುಚ್ಚಿಕೊಂಡು ಕುಳಿತವರು ಎಷ್ಟೋ ಮಂದಿ. ಸಂಜೆ ಡೀಸೆಲ್ ತೀರಿದಾಗ ಅದು ತಾನಾಗಿ ನಿಂತಿತು.

ರಶೀದಾಬೇಗಂಗೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ಜನಾಜಾ ಎತ್ತುವ ಮೊದಲೇ ಅವಳ ಬಾಗಿಲ ಮುಂದೆ ಹದಿನೇಳು ಬುಟ್ಟಿ ಜೋಳ ಸಾಲಾಗಿ ನಿಂತಿದ್ದವು. ಕೆಟ್ಟವರೇನಲ್ಲ ಅವರು. ಮನೆಯಲ್ಲಿ ಹಿಟ್ಟಿಲ್ಲ, ಮಕ್ಕಳು ಅಳುತ್ತಿದ್ದಾರೆ. "ಗಿರಣಿ ಯಾವಾಗ ಚಾಲೂ ಆಗ್ತದ್ರೀ?" ಎಂದು ಒಬ್ಬಳು ಸೆರಗು ಬಾಯಿಗೆ ಅಡ್ಡ ಹಿಡಿದು ಕೇಳಿದಳು. ಇನ್ನೊಬ್ಬಳು, "ಇವತ್ತೇ ಹೋಗಬೇಕಿತ್ತೇನು ಸಲಾಂಭಾಯಿ" ಎಂದು ಗೊಣಗಿದಳು. ಅದು ರಶೀದಾಬೇಗಂ ಕಿವಿಗೆ ಬಿತ್ತು. ಗಂಡನಿಗಾಗಿ ಅಳಲು ಊರಿಗೆ ಪುರುಸೊತ್ತಿರಲಿಲ್ಲ, ಅವಳಿಗೂ ನಾಚಿಕೆಯಿಂದ ಅಳು ಬರಲಿಲ್ಲ.

ವಾಡಿಯಿಂದ ಮೆಕ್ಯಾನಿಕ್ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ಕೆಲವರು ಇಡೀ ಜೋಳ ಬೇಯಿಸಿ ತಿಂದರು. ಕೆಲವರು ಗಢಿಯಿಂದ ಒಂದು ಮೇಲಿನ ಕಲ್ಲು, ಹಳ್ಳದಿಂದ ಒಂದು ಕೆಳಗಿನ ಕಲ್ಲು ಕೈಗೆ ಸಿಕ್ಕಂತೆ ತಂದು ಕೂಡಿಸಿದರು. ವರ್ಷಾನುಗಟ್ಟಲೆ ಒಂದಕ್ಕೊಂದು ಉಜ್ಜಿ ಸವೆದ ಕಲ್ಲುಗಳು ಪರಕಲ್ಲಿನ ಜೊತೆ ಕೂಡುತ್ತವೆಯೇ? ಎಲ್ಲೋ ತಾಗುತ್ತವೆ, ಎಲ್ಲೋ ಬಿಡುತ್ತವೆ. ಕಾಳಿಗಿಂತ ಕಲ್ಲೇ ಹೆಚ್ಚು ಪುಡಿಯಾಯಿತು. ಬಾಣಂತಿಯಾಗಿದ್ದ ದ್ರೌಪದಿ ಆ ಹಿಟ್ಟಿನ ರೊಟ್ಟಿ ತಿಂದು ಹೊಟ್ಟೆ ಹಿಡಿದುಕೊಂಡು ನಾಲ್ಕು ದಿನ ಉರುಳಾಡಿದಳು. ಗಿರಣಿಯ ಹಿಂದಿನ ಓಣಿಯವಳು ದ್ರೌಪದಿ. ಕೂಲಿಯವಳು, ಬಾಯಿ ಜೋರು, ಮನಸ್ಸು ಚೊಕ್ಕ. ರಶೀದಾಬೇಗಂ ಅವಳ ಹಾಸಿಗೆಯ ಪಕ್ಕ ಕುಳಿತು ಒಂದು ಮಾತು ಆಡಿದಳು. ಅದು ಅವಳ ಬಾಳಿನ ಗುರಿಯೇ ಆಯಿತು.

"ನಾ ಸತ್ತ ದಿನ ನನ್ನ ಬಾಗಿಲಾಗ ಒಂದು ಬುಟ್ಟಿನೂ ನಿಂದ್ರಬಾರದು, ದ್ರೌಪದಿ."

"ಸಾಯೋ ಮಾತು ಯಾಕ್ರಿ ಈಗ, ಬೂಬಮ್ಮ?" ಎಂದಳು ದ್ರೌಪದಿ.

"ಈಗ ಮಾತಾಡ್ಲಿಲ್ಲಂದ್ರ ಆಗ ಮಾತಾಡ್ಲಿಕ್ಕಾಗಲ್ಲ."

ಮೆಕ್ಯಾನಿಕ್ ಬಂದಾಗ ರಶೀದಾಬೇಗಂ ಅವನನ್ನು ಸುಮ್ಮನೆ ಕಳಿಸಲಿಲ್ಲ. ಮೂರು ದಿನ ಮನೆಯಲ್ಲೇ ಇಟ್ಟುಕೊಂಡು ಎಂಜಿನ್ ಚಾಲೂ ಮಾಡುವುದು, ನಿಲ್ಲಿಸುವುದು, ಚಕ್ರಕ್ಕೆ ಪಟ್ಟಾ ಹಾಕುವುದು ಎಲ್ಲ ಕಲಿತಳು. ಪಕ್ಕದಲ್ಲಿ ದ್ರೌಪದಿಯನ್ನೂ ನಿಲ್ಲಿಸಿಕೊಂಡು ಅವಳಿಗೂ ಕಲಿಸಿದಳು. ಆಮೇಲೆ ಒಂದು ಪಟ್ಟಾ ಸವೆಯುವ ಮೊದಲೇ ಇನ್ನೊಂದು ತರಿಸಿಡುವಳು. ಎಂಟು ದಿನಕ್ಕಾಗುವಷ್ಟು ಡೀಸೆಲ್ಲನ್ನು ಒಂದು ಪೀಪಾಯಿಯಲ್ಲಿ ತುಂಬಿಟ್ಟು, ಮುಟ್ಟಿದವರ ಕೈ ಮುರಿಯುತ್ತೇನೆನ್ನುವಳು. ಗಂಡ ಸತ್ತ ಮೇಲೆ ಬೂಬಮ್ಮನ ತಲೆ ಕೆಟ್ಟಿದೆ ಎಂದು ಊರು ನಕ್ಕಿತು.

ಗಂಡ ಸತ್ತ ನಲವತ್ತನೆಯ ದಿನ ಗಢಿಯಿಂದ ಮೊದಲ ಸಲ ಸದ್ದು ಕೇಳಿತು. ನೆತ್ತಿಯ ಮೇಲೆ ಬಿಸಿಲು, ಗಾಳಿ ಇಲ್ಲ, ನಾಯಿಗಳೂ ನೆರಳಿಗೆ ಸೇರಿದ್ದ ಹೊತ್ತು. ಗರ್, ಗರ್ ಎಂದು ನಿಧಾನವಾಗಿ ಯಾರೋ ಬೀಸುತ್ತಿದ್ದರು. ಕಾಳು ಬಿದ್ದ ಕಲ್ಲಿನ ಸದ್ದಲ್ಲ ಅದು, ಬರಿಗಲ್ಲಿನದು. ರಶೀದಾಬೇಗಂಗೆ ಆ ವ್ಯತ್ಯಾಸ ಗೊತ್ತಿತ್ತು. ಆದರೂ ಎದ್ದು ಹೋದಳು. ಅವಳು ಗೋಡೆ ದಾಟುತ್ತಲೇ ಸದ್ದು ನಿಂತಿತು. ಒಳಗೆ ಐವತ್ತಕ್ಕೂ ಹೆಚ್ಚು ಮೇಲಿನ ಕಲ್ಲುಗಳು ಮುಳ್ಳುಗಿಡಗಳ ನಡುವೆ ಬಾಯಿ ತೆರೆದುಕೊಂಡು ಬಿದ್ದಿದ್ದವು. ಒಂದರ ಕೆಳಗೆ ಕೈ ಹಾಕಿ ಮಗುಚಿದಳು. ಹೊಟ್ಟೆಯ ಭಾಗ ಬೆಚ್ಚಗಿತ್ತು. ಬೆರಳಿಗೆ ಬಿಳಿಯ ಹಿಟ್ಟು ಮೆತ್ತಿತು. ಅಲ್ಲಿ ಕೆಳಗಿನ ಕಲ್ಲು ಇರಲೇ ಇಲ್ಲ, ಬರೀ ಮಣ್ಣು.

ಬೇರೆ ಯಾರಾದರೂ ಆಗಿದ್ದರೆ ಓಡಿಹೋಗಿ ಜ್ವರ ಹಿಡಿಸಿಕೊಳ್ಳುತ್ತಿದ್ದರು. ಅವಳು ಅಲ್ಲೇ ಕುಳಿತಳು. ಹೆದರಿಕೆ ಅವಳಿಗೂ ಇತ್ತು. ಆದರೂ ಆ ಕಲ್ಲನ್ನು ನೋಡುತ್ತ ಅವಳಿಗೆ ಸಂಕಟವಾಯಿತು. ಇದನ್ನು ಮನೆಯಿಂದ ಹೊರಹಾಕಿಸಿದವನು ತನ್ನ ಗಂಡ. ಅವನೂ ಹೋದ, ಇದೂ ಅನಾಥವಾಯಿತು. "ನಿನ್ನ ಜೋಡಿ ಹುಡುಕಿ ಕೊಡ್ತೀನಿ, ಸುಮ್ಕಿರು" ಎಂದು ಕಲ್ಲಿಗೆ ಹೇಳಿ ಬಂದಳು.

ಅಲ್ಲಿಂದ ಹತ್ತು ವರ್ಷ ಅವಳು ಮಾಡಿದ್ದು ಅದನ್ನೇ. ಗಿರಣಿಗೆ ಬಿಡುವಿದ್ದ ಮಧ್ಯಾಹ್ನಗಳಲ್ಲಿ ಅವಳೂ ದ್ರೌಪದಿಯೂ ಹಳ್ಳದಿಂದ ಒಂದೊಂದೇ ಕೆಳಗಿನ ಕಲ್ಲು ಉರುಳಿಸಿಕೊಂಡು ಗಢಿಗೆ ತಂದರು. ದ್ರೌಪದಿ ಬಾಗಿಲ ತನಕ ಮಾತ್ರ ಬರುತ್ತಿದ್ದಳು. "ಒಳಗ ನಾ ಬರಲ್ರಿ, ಬೇಕಾದ್ರ ಬೈರಿ" ಎನ್ನುತ್ತಿದ್ದಳು. ಬೂಬಮ್ಮ ಒಂದರ ಮೇಲೊಂದು ಕಲ್ಲಿಟ್ಟು ತಿರುಗಿಸಿ ಕಿವಿಗೊಡುವಳು. ಜೋಡಿ ಅಲ್ಲದ್ದು ಕರಕರ ಎನ್ನುತ್ತದೆ. ಜೋಡಿ ಆದದ್ದು ಸಮನಾಗಿ ಹರಿಯುತ್ತದೆ. ಹರಿದರೆ ಒಂದು ಹಿಡಿ ಜೋಳ ಹಾಕಿ ಬೀಸಿ, ಬೆರಳಲ್ಲಿ ಹಿಟ್ಟು ತಿಕ್ಕಿ ನೋಡಿ, ಸವೆದ ಕಡೆ ಉಳಿಯಿಂದ ಹಲ್ಲು ಮಾಡಿ, ಎರಡರ ಅಂಚಿಗೂ ಒಂದೇ ಗುರುತು ಕೆತ್ತುವಳು. ಕೆಲವು ವರ್ಷ ಎಂಟು ಜೋಡಿ ಸಿಕ್ಕವು, ಕೆಲವು ವರ್ಷ ಎರಡೇ. ಒಂದೊಂದು ಜೋಡಿ ಕೂಡಿದಾಗಲೂ ಮಧ್ಯಾಹ್ನದ ಸದ್ದು ಒಂದಿಷ್ಟು ತೆಳ್ಳಗಾಗುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಪೂರ್ತಿ ನಿಲ್ಲಲಿಲ್ಲ ಅಷ್ಟೇ.

ಎಪ್ಪತ್ತಾರರಲ್ಲಿ ಊರಿಗೆ ವಿದ್ಯುತ್ ಬಂತು. ಅದರ ಹಿಂದೆಯೇ ಸಾವ್ಕಾರ ಹಣಮಂತರಾಯನ ಕರೆಂಟಿನ ಗಿರಣಿ ಬಂತು. ಹೊಗೆ ಇಲ್ಲ, ವಾಸನೆ ಇಲ್ಲ, ಗುಂಡಿ ಒತ್ತಿದರೆ ಸಾಕು. ಬೂಬಮ್ಮನ ಗಿರಾಕಿಗಳಲ್ಲಿ ಅರ್ಧ ಜನ ಅತ್ತ ಹೋದರು. ಉಳಿದ ಅರ್ಧವೂ ತನ್ನ ಕಡೆ ಬರಲೆಂದು ಹಣಮಂತರಾಯ ಗಢಿಯ ಮಾತೆತ್ತಿದ. ಎಪ್ಪತ್ತೆಂಟರ ಭಾದ್ರಪದದಲ್ಲಿ ಹಿರಿಯರನ್ನು ಕಟ್ಟಿಕೊಂಡು ಅವಳ ಗಿರಣಿಗೆ ಬಂದ.

"ನೋಡ್ರಿ ಬೂಬಮ್ಮ, ಕಲ್ಲು ಜೋಡಿ ಮಾಡಬಾರದಂತ ಹಿರೇರು ಬ್ಯಾರೆ ಬ್ಯಾರೆ ಹಾಕ್ಯಾರ. ನೀವು ಕೂಡಸ್ಲಿಕತ್ತೀರಿ. ಮಂದಿ ಅಂಜ್ಯಾರ. ಅಮಾಸಿ ದಿನ ನನ್ನ ಗಾಡಿ ಕಳಸ್ತೀನಿ, ಎಲ್ಲಾ ಒಯ್ದು ನದಿ ಮಡುವಿನಾಗ ಹಾಕಿಬಿಡೋಣು."

"ನಿಮ್ಮ ಕರೆಂಟ್ ಹೋದ್ರ ಏನ್ ಮಾಡ್ತೀರಿ, ಸಾವ್ಕಾರ್ರ?"

"ಹೋದ್ರ ಬರ್ತದ."

"ಬರ್ಲಿಲ್ಲಂದ್ರ?"

ಹಣಮಂತರಾಯ ನಕ್ಕ, ಹಿರಿಯರೂ ನಕ್ಕರು. ತಾನು ಹತ್ತು ವರ್ಷ ಮೈ ಮುರಿದು ಕೂಡಿಸಿದ್ದು ಒಂದು ಅಮಾವಾಸ್ಯೆಗೆ ನೀರುಪಾಲಾಗುತ್ತದೆಂದು ರಶೀದಾಬೇಗಂಗೆ ಗೊತ್ತಾಯಿತು. ಐವತ್ತೊಂದು ಜೋಡಿ ಕೂಡಿದ್ದವು. ಅವು ಹೋದರೆ, ಮತ್ತೊಂದು ದಿನ ಇದೇ ಬಾಗಿಲಲ್ಲಿ ಜನ ಹೆಣ ದಾಟಿಕೊಂಡು ಹಿಟ್ಟು ಕೇಳುತ್ತಾರೆ.

ಅಮಾವಾಸ್ಯೆಗೆ ಮೂರು ದಿನ ಇರುವಾಗ ಮಳೆ ಹಿಡಿಯಿತು. ಬಿಡಲಿಲ್ಲ. ಗಾಡಿಯ ದಾರಿ ಕೆಸರಾಯಿತು, ಎರಡನೆಯ ದಿನ ವಿದ್ಯುತ್ ಕಂಬಗಳು ಉರುಳಿದವು, ಮೂರನೆಯ ದಿನ ಹಳ್ಳದ ಸೇತುವೆ ಕೊಚ್ಚಿಹೋಯಿತು. ಸುಲೇಪೇಟಕ್ಕೆ ಹೋಗಿದ್ದ ಬಸ್ಸು ಅತ್ತಲೇ ಉಳಿಯಿತು. ಹಣಮಂತರಾಯ ತನ್ನ ಗಿರಣಿಯ ಗುಂಡಿಯನ್ನು ಎಷ್ಟು ಸಲ ಒತ್ತಿದನೋ ಲೆಕ್ಕವಿಲ್ಲ. ಇಡೀ ಊರು ತಲೆಗೆ ಗೋಣಿಚೀಲ ಹೊದ್ದು ಬೂಬಮ್ಮನ ಬಾಗಿಲಿಗೆ ಬಂತು. ಅವಳು ಮರುಮಾತಿಲ್ಲದೆ ಪೀಪಾಯಿ ತೆರೆದಳು. ಅವಳೂ ದ್ರೌಪದಿಯೂ ಸರದಿಯಂತೆ ಎಂಜಿನ್ ನಡೆಸಿದರು. ಐದನೆಯ ದಿನ ಗಿರಣಿಯ ನೆಲದಿಂದ ನೀರು ಉಕ್ಕಿ ಎಂಜಿನ್ನಿನ ತಳ ಮುಳುಗಿತು. ಕೆಮ್ಮಿದಂತೆ ಎರಡು ಸಲ ಸದ್ದು ಮಾಡಿ ಅದೂ ನಿಂತಿತು. ಪೀಪಾಯಿಯಲ್ಲಿ ಇನ್ನೂ ಡೀಸೆಲ್ ಇತ್ತು. ತಾನು ಎಣಿಸಿದ್ದ ಆಪತ್ತಿಗಿಂತ ಬಂದ ಆಪತ್ತು ಬೇರೆಯಾಗಿತ್ತು ಎಂದು ಅವಳು ಆಗ ಕಂಡುಕೊಂಡಳು.

"ಇನ್ನ ಗಢಿಗೆ ನಡೀರಿ" ಎಂದಳು, ಮೊಣಕಾಲು ನೀರಲ್ಲಿ ನಿಂತು.

ಯಾರೂ ಅಲುಗಲಿಲ್ಲ. ಆಗ ದ್ರೌಪದಿ ಮುಂದೆ ನಡೆದಳು. ಹತ್ತು ವರ್ಷ ಬಾಗಿಲಲ್ಲೇ ನಿಂತವಳು ಆ ದಿನ ಬೂಬಮ್ಮನಿಗಿಂತ ಮೊದಲು ಒಳಗೆ ಕಾಲಿಟ್ಟಳು. ಅವಳ ಹಿಂದೆ ಹೆಂಗಸರು ಹೋದರು, ಕೊನೆಗೆ ಗಂಡಸರು. ಮಳೆಯಲ್ಲಿ ತೊಳೆದ ಕಲ್ಲುಗಳು ಜೋಡಿ ಜೋಡಿಯಾಗಿ ಗೋಡೆಯುದ್ದಕ್ಕೂ ಕುಳಿತಿದ್ದವು. ಒಬ್ಬೊಬ್ಬಳೂ ತನ್ನದನ್ನು ಕಂಡಳು. ಹದಿನೇಳು ವರ್ಷ ನೋಡದಿದ್ದರೂ ಗೂಟ ಹಾಕುವ ತೂತು, ಒಡೆದ ಅಂಚು, ತವರಿನ ಕಲ್ಲಿನ ಬಣ್ಣ ಮರೆತಿರಲಿಲ್ಲ. ಹಣಮಂತರಾಯನ ತಾಯಿ ಸುಂದರಬಾಯಿ ಒಂದು ಕಲ್ಲಿನ ಮುಂದೆ ಕುಕ್ಕರಿಸಿ ಮೈದಡವಿ ಅತ್ತಳು. ಆಮೇಲೆ ಮಗನ ಕಡೆ ತಿರುಗಿ, "ಎತ್ಕೋ" ಎಂದಳು. ನದಿಗೆ ಹಾಕಿಸಬೇಕೆಂದಿದ್ದ ಕಲ್ಲನ್ನು ಸಾವ್ಕಾರ ತಲೆಯ ಮೇಲೆ ಹೊತ್ತು ಕೆಸರಿನಲ್ಲಿ ಜಾರುತ್ತ ಮನೆಗೆ ಹೋದ. ಕಲ್ಲು ಮುಟ್ಟಿದ ಕೈಗಳು ಯಾವ ಜಾತಿಯವು, ದ್ರೌಪದಿಯದು ಯಾವ ಓಣಿ ಎಂಬ ಪ್ರಶ್ನೆ ಅಂದು ಹಸಿದ ಬಾಯಿಗಳಿಂದ ಬರಲಿಲ್ಲ. ಉಳಿದ ದಿನಗಳಲ್ಲೂ ಬರದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಒಯ್ದ ಮೇಲೆ ಮೂಲೆಯಲ್ಲಿ ಒಂದು ಜೋಡಿ ಉಳಿಯಿತು. ಅದಕ್ಕೆ ಗುರುತು ಕೆತ್ತಿರಲಿಲ್ಲ. ಬೂಬಮ್ಮ ಅದನ್ನು ಕೂಡಿಸಿರಲೇ ಇಲ್ಲ, ಅಲ್ಲಿ ನೋಡಿರಲೂ ಇಲ್ಲ. ಊರಲ್ಲೆಲ್ಲ ಹಿರಿಯಳಾದ ಮಾಳಮ್ಮನನ್ನು ಕೈಹಿಡಿದು ಕರೆತಂದು ತೋರಿಸಿದರು.

"ಇದು ನಮ್ಮೂರ ಕಲ್ಲಲ್ಲ" ಎಂದಳು ಮಾಳಮ್ಮ. "ಇದರ ತಂಟಿಗೆ ಹೋಗಬ್ಯಾಡ್ರಿ."

ಸುತ್ತಲೂ ಎಲ್ಲ ಒದ್ದೆಯಾಗಿತ್ತು. ಆ ಕಲ್ಲಿನ ಅಂಚಿನಲ್ಲಿ ಮಾತ್ರ ಹಿಟ್ಟು ಒಣಗಿಯೇ ಇತ್ತು. ರಶೀದಾಬೇಗಂ ಅದರ ಬಾಯಿಗೆ ಒಂದು ಹಿಡಿ ಜೋಳ ಹಾಕಿ, ತಲೆಯ ಮೇಲೆ ಸೆರಗೆಳೆದುಕೊಂಡು ಹೊರಗೆ ಬಂದಳು. ತಿರುಗಿ ನೋಡಲಿಲ್ಲ. ಯಾರ ಕಲ್ಲೆಂದು ಇವತ್ತಿಗೂ ಗೊತ್ತಿಲ್ಲ, ಗೊತ್ತಿದ್ದವರಂತೆ ಹೇಳುವವರನ್ನು ನಾನು ನಂಬುವುದೂ ಇಲ್ಲ.

ಹನ್ನೆರಡು ದಿನ ಊರು ದಾರಿಯಿಲ್ಲದೆ ಕುಳಿತಿತ್ತು. ಹನ್ನೆರಡು ದಿನವೂ ಮನೆಮನೆಯಲ್ಲಿ ರೊಟ್ಟಿ ಬಡಿದರು. ರಟ್ಟೆ ನೋವು ಬಂತೆಂದು ಸೊಸೆಯರು ಬೂಬಮ್ಮನನ್ನು ಬೈದರು, ಆ ಬೈಗುಳ ಅವಳಿಗೆ ಹಿತವಾಗಿ ಕೇಳಿಸಿತು.

ನೀರಿಳಿಯಿತು, ಡೀಸೆಲ್ ಬಂತು, ಕಂಬಗಳೂ ಎದ್ದವು. ಮರುವಾರವೇ ಮೂರು ಮನೆಯವರು ಕಲ್ಲನ್ನು ಮತ್ತೆ ಹೊರಗಿಟ್ಟರು. ರಶೀದಾಬೇಗಂಗೆ ಅದನ್ನು ಕಂಡು ಸಿಟ್ಟು ಬಂತು. ಇಷ್ಟೆಲ್ಲ ಉಂಡ ಮೇಲೂ ಬುದ್ಧಿ ಬರಲಿಲ್ಲವಲ್ಲ. ಬುದ್ಧಿ ಹೇಳಿದರೆ ಕೇಳದ ಊರು ಹೆದರಿಸಿದರೆ ಕೇಳುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಿರಣಿಯ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

"ಗಢ್ಯಾಗಿನ ಸಪ್ಪಳ ಯಾಕ ಬರ್ತಿತ್ತು ನಿಮಗ ಗೊತ್ತಿಲ್ಲ. ಜೋಡಿ ಅಗಲಿದ ಕಲ್ಲು ಅಳತಾವ. ಇನ್ನ ಯಾರು ಕಲ್ಲು ಹೊರಗ ಹಾಕ್ತೀರಿ, ಅವರ ಮನಿ ಮುಂದೇ ಅಳತಾವ. ಪ್ರತಿ ಅಮಾಸಿಗೆ ನನ್ನ ಗಿರಣಿ ಬಂದ್. ಅವತ್ತು ಮನ್ಯಾಗೇ ಬೀಸ್ರಿ. ಕಲ್ಲಿಗೆ ಕಾಳು ಕಾಣಿಸ್ರಿ."

ಅದು ಖರೆಯೋ ಸುಳ್ಳೋ ಅವಳಿಗೇ ಪೂರ್ತಿ ಗೊತ್ತಿರಲಿಲ್ಲ. ಸಂಜೆಯೊಳಗೆ ಮೂರೂ ಕಲ್ಲು ಒಳಗೆ ಹೋದವು. ಹಣಮಂತರಾಯನೂ ಅಮಾವಾಸ್ಯೆಗೆ ಗಿರಣಿ ಮುಚ್ಚತೊಡಗಿದ. ತಾಯಿಯ ಹೆದರಿಕೆ ಎಂದು ಅವನು ಹೇಳಿಕೊಳ್ಳುತ್ತಿದ್ದ, ನಾವು ನಂಬಿದಂತೆ ಮಾಡುತ್ತಿದ್ದೆವು. ತಿಂಗಳಿಗೊಂದು ದಿನ ಊರಿನ ರಟ್ಟೆಗಳು ಬೀಸುವುದನ್ನು ಮರೆಯದೆ ಉಳಿದವು.

ಎಂಬತ್ತನಾಲ್ಕರ ಚಳಿಗಾಲದಲ್ಲಿ ಒಂದು ಮಂಗಳವಾರ ಬೆಳಿಗ್ಗೆ ರಶೀದಾಬೇಗಂ ಎಂಜಿನ್ ಚಾಲೂ ಮಾಡಿ, ಹಿಟ್ಟು ಒರೆಸಿಕೊಳ್ಳುತ್ತ ನಿಂತವಳು ಹಾಗೇ ಕುಸಿದಳು. ದ್ರೌಪದಿ ಓಡಿಬಂದು ನಾಡಿ ನೋಡಿದಳು. ಆಮೇಲೆ ಎದ್ದು, ಒಂದು ಕೈಯಲ್ಲಿ ಎಂಜಿನ್ ನಿಲ್ಲಿಸಿ, ಬಾಗಿಲಿಗೆ ಬಂದು ಊರಿಗೆ ಸುದ್ದಿ ಹೇಳಿದಳು. ಹಣಮಂತರಾಯ ಯಾರೂ ಹೇಳದೆಯೇ ತನ್ನ ಗಿರಣಿ ನಿಲ್ಲಿಸಿದ. ಮಧ್ಯಾಹ್ನ ಊರಿನ ಎಲ್ಲ ಮನೆಗಳಿಂದಲೂ ಏಕಕಾಲಕ್ಕೆ ಬೀಸುವ ಸದ್ದು ಎದ್ದಿತು. ಐವತ್ತೊಂದು ಕಲ್ಲುಗಳು ಕಾಳು ತುಂಬಿಕೊಂಡು ತಿರುಗುವ ಗಂಭೀರ ಸದ್ದು. ಆ ಹೊತ್ತಿಗೆ ಗಢಿ ನಿಶ್ಶಬ್ದವಾಗಿತ್ತೆಂದು ಅತ್ತ ಕುರಿ ಕಾಯುತ್ತಿದ್ದವರು ಹೇಳಿದರು.

ಶಹಾಬಾದಿಗೆ ಮದುವೆಯಾಗಿ ಹೋಗಿದ್ದ ಮಗಳು ನೂರಜಹಾನ್ ಸಂಜೆಯ ಬಸ್ಸಿಗೆ ಬಂದು ಇಳಿದಳು. ತಂದೆ ಸತ್ತಾಗ ಅವಳಿಗೆ ಐದು ವರ್ಷ. ಗಿರಣಿಗೆ ಬೀಗ ನೋಡಿ, ಅಂಗಳ ತುಂಬ ಕುಳಿತ ಹೆಂಗಸರನ್ನು ನೋಡಿ, ತಂದೆ ಸತ್ತ ದಿನದಂತೆಯೇ ಇವರೂ ಹಿಟ್ಟಿಗೆ ಕಾಯುತ್ತಿದ್ದಾರೆಂದುಕೊಂಡು ದ್ರೌಪದಿಯ ಬಳಿ ಹೋದಳು.

"ಗಿರಣಿ ಬಂದ್ ಯಾಕ್ರೀ, ದ್ರೌಪದಿ ಅವ್ವಾ? ನಿಮಗ ನಡಸ್ಲಿಕ್ಕ ಬರ್ತದಲ್ಲ. ಇಷ್ಟು ಮಂದಿ ಕಾಯ್ಲಿಕತ್ತಾರ."

ದ್ರೌಪದಿ ಅವಳ ಕೈ ಹಿಡಿದು ಹತ್ತಿರ ಕೂಡಿಸಿಕೊಂಡಳು.

"ಮೂರು ದಿನ ತೆಗೆಯಲ್ಲ. ಇವರು ಹಿಟ್ಟಿಗಿ ಬಂದಿಲ್ಲವ್ವ. ಅಳಲಿಕ್ಕ ಬಂದಾರ."